ಮನೆ ಮಾರುವ ಮುನ್ನ ಹಿಸ್ಸೆ ಎಣಿಸಿರಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಮನೆ ಮಾರಾಟದ ಮಾತು ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಮ್ಮ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಕುಟುಂಬಗಳಿಗೆ ಬ್ಯಾಂಕಿನಲ್ಲಿ ಠೇವಣಿ ಇಲ್ಲ, ದೊಡ್ಡ ವ್ಯಾಪಾರವೂ ಇಲ್ಲ. ಇರುವ ಒಂದೇ ಆಸ್ತಿ ಎಂದರೆ ಹಿರಿಯರು ಕಟ್ಟಿಸಿದ ಮನೆ. ಅದು ಮಾರಾಟವಾಗುವ ದಿನ ಆ ಕುಟುಂಬದ ಮಕ್ಕಳಲ್ಲಿ ಯಾರು ಮುಂದೆ ಓದುತ್ತಾರೆ, ಯಾರು ಓದು ಬಿಡುತ್ತಾರೆ ಎಂಬುದೂ ಅಂದೇ ನಿರ್ಧಾರವಾಗಿಬಿಡುತ್ತದೆ. ಅಣ್ಣನ ಮಗ ಇಂಜಿನಿಯರಿಂಗ್ ಸೇರುತ್ತಾನೆ. ವಿಧವೆಯಾದ ತಂಗಿಯ ಮಗಳು ಪಿಯುಸಿಗೇ ನಿಲ್ಲುತ್ತಾಳೆ. ಇಬ್ಬರೂ ಒಂದೇ ಅಜ್ಜನ ಮೊಮ್ಮಕ್ಕಳು. ಆದ್ದರಿಂದ ಈ ವಿಷಯ ನಮ್ಮ ಸಂಘದ್ದೇ ಎಂದು ನಾನು ತಿಳಿಯುತ್ತೇನೆ.

ಮನೆ ಏಕೆ ಮಾರಾಟಕ್ಕೆ ಬರುತ್ತದೆ

ಊರ ಹೊರಗಿನ ಬಡಾವಣೆಯಲ್ಲಿ ಇರುವ ಒಂದು ದೊಡ್ಡ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಅದು ಅಫಜಲಪುರದ ಅಂಚಿನಲ್ಲಿ ಇರಬಹುದು, ಕಲಬುರಗಿಯ ರಿಂಗ್ ರಸ್ತೆಯ ಆಚೆ ಇರಬಹುದು. ಹಳ್ಳಿಯ ಮಣ್ಣಿನ ಮಾಳಿಗೆ ಮನೆಯನ್ನು ಬಿಟ್ಟು ಬಂದ ತಂದೆ, ಮಕ್ಕಳು ಓದಲಿ ಎಂದು ನಾಲ್ಕು ದಶಕದ ಹಿಂದೆ ಅಗ್ಗದ ದರಕ್ಕೆ ಜಾಗ ಕೊಂಡು ಕಟ್ಟಿಸಿದ್ದು. ಕೆಳಗೆ ಶಹಾಬಾದ ಪರಸಿ, ಮುಂದೆ ಕಟ್ಟೆ, ನಡುವೆ ದೊಡ್ಡ ಪಡಸಾಲೆ, ಹಿತ್ತಲಲ್ಲಿ ಒಂದು ಬೇವಿನ ಮರ. ಈದ್ ದಿನ ಮೂವತ್ತು ನಲವತ್ತು ಜನ ಒಂದೇ ದಸ್ತರಖಾನದ ಮೇಲೆ ಕೂತು ಉಂಡ ಮನೆ. ಇಂದು ಅಲ್ಲಿ ವಯಸ್ಸಾದ ತಾಯಿ ಮತ್ತು ಒಬ್ಬ ಮಗನ ಸಂಸಾರ ಮಾತ್ರ. ಉಳಿದವರಲ್ಲಿ ಒಬ್ಬ ಪುಣೆಯಲ್ಲಿ, ಒಬ್ಬಳು ಸೊಲ್ಲಾಪುರದಲ್ಲಿ, ಒಬ್ಬಳು ಹೈದರಾಬಾದಿನಲ್ಲಿ. ನಾಲ್ಕು ಕೋಣೆಗಳಿಗೆ ಬೀಗ. ಮಳೆಗಾಲದಲ್ಲಿ ಮಾಳಿಗೆ ಸೋರುತ್ತದೆ. ರಿಪೇರಿಗೆ ಯಾರು ಹಣ ಹಾಕಬೇಕು ಎಂಬ ಮಾತು ಪ್ರತಿ ಈದ್‌ಗೂ ಬರುತ್ತದೆ, ಪ್ರತಿ ಈದ್‌ಗೂ ಹಾಗೆಯೇ ಉಳಿಯುತ್ತದೆ. ಕೊನೆಗೊಂದು ದಿನ ಗೇಟಿಗೆ ಹಲಗೆ ಬೀಳುತ್ತದೆ: ಈ ಮನೆ ಮಾರಾಟಕ್ಕಿದೆ.

ಮನೆ ಮಾರುವುದರಲ್ಲಿ ಅವಮಾನವೇನೂ ಇಲ್ಲ. ಮಕ್ಕಳು ದುಡಿಮೆಗಾಗಿ ದೂರ ಹೋಗುತ್ತಾರೆ. ಭೀಮೆಯ ದಂಡೆಯ ನಮ್ಮ ಸೀಮೆಯಿಂದ ಪುಣೆ, ಮುಂಬೈ, ಹೈದರಾಬಾದ, ಬೆಂಗಳೂರಿಗೆ ಜನ ಹೋಗುವುದು ಹೊಸದಲ್ಲ. ಸೋರುವ ಮನೆಯನ್ನು ಹೆಸರಿಗಾಗಿ ಹಿಡಿದುಕೊಂಡು ಕೂಡುವುದಕ್ಕಿಂತ ಅದನ್ನು ಮಾರಿ ನಾಲ್ಕು ಮಕ್ಕಳನ್ನು ಓದಿಸುವುದು ಎಷ್ಟೋ ಮೇಲು. ಅವಮಾನ ಇರುವುದು ಬೇರೆ ಕಡೆ. ಯಾರ ಪಾಲು ಎಷ್ಟು ಎಂದು ಎಣಿಸದೆ ಮಾರುವುದರಲ್ಲಿ ಅದು ಇದೆ. ಈ ದಿನ ನಾನು ಹೇಳಬೇಕೆಂದಿರುವುದು ಇಷ್ಟೇ: ಮನೆಗೆ ಬೆಲೆ ಕಟ್ಟುವ ಮುನ್ನ ಹಿಸ್ಸೆಗಳನ್ನು ಎಣಿಸಿರಿ, ಹಿಸ್ಸೆದಾರರನ್ನೆಲ್ಲ ಕರೆದು ಕೂಡಿಸಿರಿ.

ಈ ಮನೆ ಯಾರದು

ನಮ್ಮಲ್ಲಿ ಬಹಳ ಜನ "ಇದು ನಮ್ಮ ಜಂಟಿ ಕುಟುಂಬದ ಮನೆ, ಯಜಮಾನ ಹೇಳಿದಂತೆ" ಎಂದು ಮಾತಾಡುತ್ತಾರೆ. ಮುಸ್ಲಿಂ ಕಾನೂನಿನಲ್ಲಿ ಅಂಥ ಯಜಮಾನಿಕೆ ಇಲ್ಲ. ತಂದೆ ಬದುಕಿರುವವರೆಗೆ ಮನೆ ತಂದೆಯದೇ. ಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕು ಯಾವುದೂ ಇಲ್ಲ. ತಂದೆ ತೀರಿಕೊಂಡ ಕ್ಷಣವೇ ಪ್ರತಿ ವಾರಸುದಾರರಿಗೂ ಅವರವರ ನಿಶ್ಚಿತ ಪಾಲು ಬಂದುಬಿಡುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಯಾವ ಕಚೇರಿಯ ಮೊಹರೂ ಬೇಡ. 1937ರ ಶರೀಅತ್ ಅನ್ವಯ ಕಾಯ್ದೆಯ ಪ್ರಕಾರ ಇಂಥ ಮನೆ, ನಿವೇಶನಗಳ ವಾರಸಿಕೆಗೆ ಶರೀಅತ್ತೇ ಆಧಾರ, ಊರಿನ ರೂಢಿಯಲ್ಲ. ಸೂರಃ ನಿಸಾದ 7, 11 ಮತ್ತು 12ನೆಯ ಆಯತ್‌ಗಳಲ್ಲಿ ಈ ಪಾಲುಗಳು ಬಂದಿವೆ. ಬಿಟ್ಟುಹೋದದ್ದು ಸ್ವಲ್ಪವಿರಲಿ, ಹೆಚ್ಚಿರಲಿ, ಗಂಡಸರಿಗೂ ಪಾಲಿದೆ, ಹೆಂಗಸರಿಗೂ ಪಾಲಿದೆ ಎಂಬುದು ಏಳನೆಯ ಆಯತ್‌ನ ತಾತ್ಪರ್ಯ.

ಲೆಕ್ಕ ಮಾಡಿ ನೋಡೋಣ. ವಿದ್ಯಾರ್ಥಿಗಳು ದಯವಿಟ್ಟು ಕಾಗದ, ಪೆನ್ನು ತೆಗೆದುಕೊಳ್ಳಿರಿ. ತಂದೆ ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ. ತೀರಿಕೊಂಡವರ ತಂದೆತಾಯಿ ಮೊದಲೇ ಹೋಗಿದ್ದಾರೆ. ಮೊದಲು ಕಫನ್-ದಫನ್ ಖರ್ಚು, ಆಮೇಲೆ ಸಾಲ. ಹೆಂಡತಿಗೆ ಕೊಡದೆ ಉಳಿದ ಮೆಹರ್ ಕೂಡ ಸಾಲವೇ ಎಂಬುದನ್ನು ಮರೆಯಬಾರದು. ಅದಾದ ಮೇಲೆ ವಸೀಯತ್ ಇದ್ದರೆ ಅದು, ಅದೂ ಆಸ್ತಿಯ ಮೂರನೇ ಒಂದು ಭಾಗ ಮೀರದಂತೆ. ಇವೆಲ್ಲ ತೀರಿದ ಮೇಲೆ ಉಳಿದದ್ದು ಪಾಲಿಗೆ. ಮಕ್ಕಳಿರುವುದರಿಂದ ಹೆಂಡತಿಗೆ ಎಂಟನೇ ಒಂದು. ಉಳಿದ ಎಂಟನೇ ಏಳರಲ್ಲಿ ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಎರಡೆರಡು ನಾಲ್ಕು, ಒಂದೊಂದು ಮೂರು, ಕೂಡಿಸಿದರೆ ಏಳು. ಅಂದರೆ ಪ್ರತಿ ಮಗನಿಗೆ ಎಂಟನೇ ಎರಡು, ಪ್ರತಿ ಮಗಳಿಗೆ ಎಂಟನೇ ಒಂದು.

ಮನೆ 48 ಲಕ್ಷಕ್ಕೆ ಹೋಯಿತು ಎಂದುಕೊಳ್ಳಿರಿ. ತಾಯಿಗೆ 6 ಲಕ್ಷ. ಇಬ್ಬರು ಗಂಡುಮಕ್ಕಳಿಗೆ ತಲಾ 12 ಲಕ್ಷ. ಮೂವರು ಹೆಣ್ಣುಮಕ್ಕಳಿಗೆ ತಲಾ 6 ಲಕ್ಷ. ಹತ್ತನೆಯ ಇಯತ್ತೆಯ ಹುಡುಗ ಐದು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ ಇದು. ಇದನ್ನು ಮಾಡದೆ ಎಷ್ಟು ಮನೆಗಳಲ್ಲಿ ಇಪ್ಪತ್ತು ವರ್ಷ ಮಾತು ನಿಂತಿದೆ ಎಂದು ನಿಮಗೇ ಗೊತ್ತು.

ನಾವು ಕೇಳುವ ನಾಲ್ಕು ಮಾತುಗಳು

ಹೆಣ್ಣುಮಕ್ಕಳ ಪಾಲಿನ ಮಾತು ಬಂದಾಗ ಅಣ್ಣತಮ್ಮಂದಿರು ಸಾಮಾನ್ಯವಾಗಿ ನಾಲ್ಕು ಮಾತು ಆಡುತ್ತಾರೆ.

ಮೊದಲನೆಯದು, "ಮದುವೆಯಲ್ಲಿ ಅವರದು ಕೊಟ್ಟು ಮುಗಿಸಿದ್ದೇವೆ." ಮದುವೆಗೆ ತಂದೆ ಖರ್ಚು ಮಾಡಿದ್ದು ತಂದೆಯ ಜೀವಮಾನದಲ್ಲಿ, ತಂದೆಯ ಇಚ್ಛೆಯಿಂದ. ಗಂಡುಮಕ್ಕಳ ಮದುವೆಗೂ, ಅವರ ಅಂಗಡಿಗೂ, ಓದಿಗೂ ಅವರೇ ಖರ್ಚು ಮಾಡಿದ್ದರು. ಅದನ್ನು ಯಾರೂ ಲೆಕ್ಕದಲ್ಲಿ ಕಳೆಯುವುದಿಲ್ಲ. ವಾರಸಿಕೆಯ ಪಾಲು ತಂದೆ ತೀರಿಕೊಂಡ ಮೇಲೆ ಹುಟ್ಟುವ ಹಕ್ಕು. ಮೊದಲಿನ ಖರ್ಚಿನಿಂದ ಅದು ತೀರುವುದಿಲ್ಲ.

ಎರಡನೆಯದು, "ಅವಳು ಅಬ್ಬಾ ಇದ್ದಾಗಲೇ ಹಕ್ಕು ಬೇಡ ಎಂದು ಬರೆದುಕೊಟ್ಟಿದ್ದಾಳೆ." ತಂದೆ ಬದುಕಿರುವಾಗ ಮಗಳಿಗೆ ಇನ್ನೂ ಯಾವ ಹಕ್ಕೂ ಇಲ್ಲ, ಇಲ್ಲದ ಹಕ್ಕನ್ನು ಬಿಟ್ಟುಕೊಡುವುದು ಹೇಗೆ? ಅಂಥ ಬರವಣಿಗೆಗೆ ಸ್ವತಃ ಬೆಲೆಯಿಲ್ಲ. ಆದರೆ ಅವಳು ಅದಕ್ಕೆ ತಕ್ಕ ಪ್ರತಿಫಲ ಪಡೆದು ಒಪ್ಪಿದ್ದರೆ ಆಮೇಲೆ ಪಾಲು ಕೇಳಲು ಅಡ್ಡಿಯಾಗಬಹುದು ಎಂದು ಸುಪ್ರೀಂ ಕೋರ್ಟ್ ಗುಲಾಂ ಅಬ್ಬಾಸ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಸಹೋದರಿಯರೇ, ಓದದೆ ಯಾವ ಕಾಗದಕ್ಕೂ ಸಹಿ ಮಾಡಬೇಡಿರಿ, ಹೆಬ್ಬೆಟ್ಟು ಒತ್ತಬೇಡಿರಿ.

ಮೂರನೆಯದು, "ಇಷ್ಟು ವರ್ಷ ನಾವೇ ವಾಸವಿದ್ದೇವೆ, ಉತಾರದಲ್ಲಿ ನಮ್ಮ ಹೆಸರೇ ಇದೆ." ಉತಾರವಾಗಲಿ ಖಾತೆಯಾಗಲಿ ಕರ ವಸೂಲಿಗಾಗಿ ಇಟ್ಟ ದಾಖಲೆ. ಅದರಲ್ಲಿ ಒಬ್ಬರ ಹೆಸರು ಬಂದ ಮಾತ್ರಕ್ಕೆ ಉಳಿದವರ ಮಾಲಕಿ ಅಳಿಯುವುದಿಲ್ಲ. ಒಬ್ಬ ಪಾಲುದಾರ ಮನೆಯಲ್ಲಿ ಇದ್ದರೆ ಎಲ್ಲ ಪಾಲುದಾರರ ಪರವಾಗಿ ಇದ್ದಾನೆ ಎಂದೇ ಕಾನೂನು ತಿಳಿಯುತ್ತದೆ. ಆದರೆ ಅವನು "ನಿನಗೆ ಇಲ್ಲಿ ಏನೂ ಇಲ್ಲ" ಎಂದು ಬಹಿರಂಗವಾಗಿ ಹಕ್ಕನ್ನೇ ನಿರಾಕರಿಸಿ ಹೊರಗಿಟ್ಟರೆ, ಆ ದಿನದಿಂದ 12 ವರ್ಷದ ಕಾಲಮಿತಿ ಓಡಲು ಶುರುವಾಗುತ್ತದೆ. ಹಾಗೆ ಹೇಳಿಸಿಕೊಂಡ ಮೇಲೆ ಸುಮ್ಮನೆ ಕೂಡುವುದು ಅಪಾಯ.

ನಾಲ್ಕನೆಯದು ಎಲ್ಲಕ್ಕಿಂತ ಸಿಹಿಯಾದ ಮಾತು: "ತಂಗಿಯೇ ಮಾಫ್ ಮಾಡಿದ್ದಾಳೆ." ಇದು ನಡೆಯುವ ಬಗೆಯನ್ನು ನೀವೆಲ್ಲ ಕಂಡಿದ್ದೀರಿ. ತಾಯಿ ಎದುರಿಗಿದ್ದಾಳೆ, ಅಣ್ಣ ಎದುರಿಗಿದ್ದಾನೆ, ದಲ್ಲಾಳಿ ಕಾಗದ ಹಿಡಿದು ನಿಂತಿದ್ದಾನೆ. ತಂಗಿ ತಲೆ ತಗ್ಗಿಸಿ, "ಭಾಯಿಜಾನ್, ನೀವೇ ನೋಡಿ ಮಾಡಿರಿ" ಎನ್ನುತ್ತಾಳೆ. ತವರಿನ ಬಾಗಿಲು ಮುಚ್ಚೀತು ಎಂಬ ಭಯದಿಂದ ಆಡಿದ ಆ ಮಾತನ್ನು ನಾವು ಒಪ್ಪಿಗೆ ಎಂದು ಬರೆದುಕೊಳ್ಳುತ್ತೇವೆ. ನಿಜವಾದ ಮಾಫಿ ಬೇಕಾದರೆ ಮೊದಲು ಪಾಲು ಎಷ್ಟೆಂದು ಅವಳಿಗೆ ಹೇಳಬೇಕು, ಅದನ್ನು ಅವಳ ಕೈಗೆ ಕೊಡಬೇಕು. ತನ್ನ ಕೈಗೆ ಬಂದ ಮೇಲೆ ಅವಳು ಸಂತೋಷದಿಂದ ತಮ್ಮನಿಗೆ ಕೊಟ್ಟರೆ ಅದು ಅವಳ ದೊಡ್ಡಗುಣ. ಕೈಗೆ ಬರುವ ಮೊದಲೇ ಬಿಡಿಸಿಕೊಂಡರೆ ಅದನ್ನು ದಾನ ಎನ್ನಲಾಗದು.

ಈ ನೋವನ್ನು ನಮ್ಮ ಕನ್ನಡ ಸಾಹಿತ್ಯ ಚೆನ್ನಾಗಿ ಬಲ್ಲದು. ಹಾಸನದ ಬಾನು ಮುಷ್ತಾಕ್ ಅವರ 'ಬೆಂಕಿ ಮಳೆ' ಕಥೆಯಲ್ಲಿ ತಂಗಿ ತನ್ನ ಪಾಲು ಕೇಳಿಕೊಂಡು ಮಸೀದಿಯ ಮುತವಲ್ಲಿಯಾಗಿರುವ ಅಣ್ಣನ ಮನೆಗೆ ಬರುತ್ತಾಳೆ. ಅಣ್ಣನಿಗೆ ಜಮಾತಿನ ಬೇರೆ ಕೆಲಸದ ಗಡಿಬಿಡಿಯೇ ದೊಡ್ಡದಾಗುತ್ತದೆ. ಆ ಕಥೆಯೂ ಸೇರಿರುವ 'ಹಾರ್ಟ್ ಲ್ಯಾಂಪ್' ಎಂಬ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ನಮ್ಮ ಪಡಸಾಲೆಯ ಜಗಳವನ್ನು ಇಂದು ಜಗತ್ತೇ ಓದಿದೆ. ನಾವು ಮಾತ್ರ ಓದದವರಂತೆ ಇರಬಾರದು.

ತಡ ಮಾಡಿದರೆ ಏನಾಗುತ್ತದೆ

"ಅಮ್ಮಿ ಇರುವವರೆಗೂ ಪಾಲಿನ ಮಾತು ಬೇಡ" ಎಂದು ಹಲವರು ಹೇಳುತ್ತಾರೆ. ಗೌರವದ ಮಾತು ಹೌದು, ಆದರೆ ಅದರ ಬೆಲೆ ಕಟ್ಟುವವರು ಬೇರೆಯವರು. ನಾವು ಮೊದಲು ಹೇಳಿದ ಲೆಕ್ಕವನ್ನೇ ತೆಗೆದುಕೊಳ್ಳಿರಿ. ಪಾಲು ಆಗುವ ಮೊದಲೇ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಅಪಘಾತದಲ್ಲಿ ತೀರಿಕೊಂಡ. ಹೆಂಡತಿ ಇದ್ದಾಳೆ, ಇಬ್ಬರು ಚಿಕ್ಕ ಗಂಡುಮಕ್ಕಳಿದ್ದಾರೆ. ಅವನ 12 ಲಕ್ಷದ ಪಾಲು ಈಗ ಮತ್ತೆ ಒಡೆಯಬೇಕು. ತಾಯಿಗೆ ಆರನೇ ಒಂದು, ಅಂದರೆ 2 ಲಕ್ಷ. ಹೆಂಡತಿಗೆ ಎಂಟನೇ ಒಂದು, ಒಂದೂವರೆ ಲಕ್ಷ. ಉಳಿದ ಎಂಟೂವರೆ ಲಕ್ಷ ಇಬ್ಬರು ಹುಡುಗರಿಗೆ, ತಲಾ 4 ಲಕ್ಷ 25 ಸಾವಿರ. ಒಂದು ಸಾವಿಗೆ ಹಿಸ್ಸೆದಾರರು ಆರರಿಂದ ಎಂಟಾದರು. ಇನ್ನೆರಡು ಸಾವಾದರೆ ಇಪ್ಪತ್ತಾಗುತ್ತಾರೆ. ಆಗ ಒಬ್ಬ ದುಬೈಯಲ್ಲಿ, ಒಬ್ಬಳು ಬೀದರದಲ್ಲಿ. ಎಲ್ಲರ ಸಹಿ ಕೂಡಿಸುವುದರೊಳಗೆ ಗೋಡೆ ಬಿದ್ದಿರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಇಬ್ಬರು ಚಿಕ್ಕ ಹುಡುಗರ ಪಾಲನ್ನು ಅವರ ತಾಯಿಯಾಗಲಿ, ದೊಡ್ಡಪ್ಪನಾಗಲಿ ತಾವೇ ಸಹಿ ಹಾಕಿ ಮಾರಲು ಬರುವುದಿಲ್ಲ. ನಮ್ಮ ಕಾನೂನಿನಲ್ಲಿ ಅಪ್ರಾಪ್ತ ಮಕ್ಕಳ ಆಸ್ತಿಗೆ ಪಾಲಕರು ತಂದೆ ಮತ್ತು ತಂದೆಯ ತಂದೆ, ಅಥವಾ ಅವರು ವಸೀಯತ್‌ನಲ್ಲಿ ನೇಮಿಸಿದವರು. ತಾಯಿ ಮಕ್ಕಳನ್ನು ಸಾಕುತ್ತಾಳೆ, ಆದರೆ ಸ್ಥಿರಾಸ್ತಿ ಮಾರುವ ಅಧಿಕಾರ ಅವಳಿಗೆ ತಾನಾಗಿ ಬರುವುದಿಲ್ಲ ಎಂದು ಪ್ರಿವಿ ಕೌನ್ಸಿಲ್ 1918ರ ಇಮಾಂಬಂದಿ ಪ್ರಕರಣದಲ್ಲಿಯೇ ತೀರ್ಮಾನಿಸಿದೆ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕಾರ ನ್ಯಾಯಾಲಯದಿಂದ ಪಾಲಕರಾಗಿ ನೇಮಕವಾಗಿ, ಅನುಮತಿ ಪಡೆದೇ ಮಾರಬೇಕು. ಇದನ್ನು ಮಾಡದೆ ಕೊಂಡವರು ಮುಂದೆ ಹುಡುಗರು ದೊಡ್ಡವರಾದ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಇನ್ನೂ ಒಂದು ಮಾತು. ತಂದೆಗಿಂತ ಮೊದಲೇ ಮಗ ತೀರಿಕೊಂಡರೆ, ಬೇರೆ ಗಂಡುಮಕ್ಕಳು ಇರುವಾಗ ಆ ಮೊಮ್ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರಸಿಕೆ ಬರುವುದಿಲ್ಲ. ತಂದೆಯಿಲ್ಲದ ಆ ಮಕ್ಕಳು ಬರಿಗೈಯಾಗುತ್ತಾರೆ. ಇದಕ್ಕೆ ಪರಿಹಾರ ಅಜ್ಜನ ಕೈಯಲ್ಲೇ ಇದೆ. ಮೂರನೇ ಒಂದು ಭಾಗದವರೆಗೆ ವಾರಸುದಾರರಲ್ಲದವರಿಗೆ ವಸೀಯತ್ ಬರೆಯಬಹುದು. ಈ ಸಭೆಯಲ್ಲಿರುವ ಅಜ್ಜಂದಿರು ಇದನ್ನು ದಯವಿಟ್ಟು ಇಂದೇ ಯೋಚಿಸಬೇಕು.

ಬದುಕಿರುವಾಗಲೇ ಹಂಚಬೇಕೆನ್ನುವವರಿಗೆ ಹಿಬಾ ಇದೆ. ಕೊಡುತ್ತೇನೆ ಎಂದು ಹೇಳುವುದು, ಪಡೆಯುವವರು ಒಪ್ಪುವುದು, ಸ್ವಾಧೀನ ಕೊಡುವುದು, ಈ ಮೂರೂ ಪೂರ್ಣವಾದರೆ ಹಿಬಾ ಪೂರ್ಣ. ಬಾಯಿಮಾತಿನ ಹಿಬಾ ಕೂಡ ಊರ್ಜಿತ ಎಂದು ಸುಪ್ರೀಂ ಕೋರ್ಟ್ 2011ರ ಹಫೀಜಾ ಬೀಬಿ ಪ್ರಕರಣದಲ್ಲಿ ಹೇಳಿದ್ದರೂ, ಮುಂದಿನ ಜಗಳ ತಪ್ಪಿಸಲು ಬರೆದು ನೋಂದಾಯಿಸುವುದೇ ಜಾಣತನ. ಒಬ್ಬ ಮಗನಿಗೆ ಮಾತ್ರ ಕೊಡಬೇಕೆಂದವರು ನುಅಮಾನ್ ಬಿನ್ ಬಶೀರ್ ಅವರ ಹದೀಸನ್ನು ನೆನಪಿಡಬೇಕು. ಒಬ್ಬ ಮಗನಿಗೆ ಕೊಟ್ಟ ಉಡುಗೊರೆಗೆ ಸಾಕ್ಷಿಯಾಗಲು ಪ್ರವಾದಿಯವರು (ಸ) ಒಪ್ಪಲಿಲ್ಲ. ಉಳಿದ ಮಕ್ಕಳಿಗೂ ಹಾಗೆಯೇ ಕೊಟ್ಟಿದ್ದೀರಾ ಎಂದು ಕೇಳಿದರು.

ಮಾರುವುದೊಂದೇ ದಾರಿಯಲ್ಲ

ಎಲ್ಲರೂ ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆ: ನಮ್ಮಲ್ಲೇ ಯಾರಾದರೂ ಕೊಳ್ಳುತ್ತಾರೆಯೇ? ಮನೆಯಲ್ಲಿರುವ ಮಗನಿಗೆ ಮನೆ ಬೇಕಾದರೆ ಮಾರುಕಟ್ಟೆ ಬೆಲೆ ಕಟ್ಟಿಸಿ ಉಳಿದವರ ಪಾಲಿನ ಹಣ ಕೊಡಲಿ, ಒಮ್ಮೆಗೆ ಆಗದಿದ್ದರೆ ಕಂತಿನಲ್ಲಿ ಕೊಡಲಿ, ಅದನ್ನು ಬರೆದು ಕೊಡಲಿ. ಪಾಲುದಾರನಿಗೆ ಮೊದಲ ಅವಕಾಶ ಕೊಡುವ ಶುಫಾ ನಮ್ಮ ಫಿಕ್ಹ್‌ನಲ್ಲಿ ಹಳೆಯ ವಿಚಾರ. ಪಕ್ಕದ ಮನೆಯವರೆಂಬ ಒಂದೇ ಕಾರಣಕ್ಕೆ ಶುಫಾ ಕೇಳುವುದನ್ನು ಸುಪ್ರೀಂ ಕೋರ್ಟ್ 1962ರಲ್ಲಿ ಒಪ್ಪಲಿಲ್ಲ. ಪಾಲುದಾರರ ವಿಷಯವೇ ಬೇರೆ. 1893ರ ವಿಭಜನಾ ಕಾಯ್ದೆಯಲ್ಲಿಯೂ ಇದೇ ಧೋರಣೆ ಇದೆ. ಮನೆಯನ್ನು ಗೋಡೆ ಹಾಕಿ ಒಡೆಯಲು ಬಾರದಿದ್ದರೆ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರು ಕೇಳಿದಾಗ ನ್ಯಾಯಾಲಯ ಮಾರಿ ಹಣ ಹಂಚಬಹುದು; ಆದರೆ ಉಳಿದ ಪಾಲುದಾರರು ನಿಗದಿಯಾದ ಬೆಲೆಗೆ ತಾವೇ ಕೊಳ್ಳುತ್ತೇವೆ ಎಂದರೆ ಅವರಿಗೆ ಅವಕಾಶವಿದೆ.

ಸಿಟ್ಟಿನಲ್ಲಿ ಒಬ್ಬ ತನ್ನ ಪಾಲನ್ನು ಮಾತ್ರ ಹೊರಗಿನವರಿಗೆ ಮಾರುವುದುಂಟು. ಅವನು ಮಾರಬಹುದು, ಆದರೆ ತನ್ನ ಪಾಲನ್ನಷ್ಟೇ. ವಾಸದ ಮನೆಯಾದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನಂತೆ ಕೊಂಡ ಹೊರಗಿನವರು ಬಂದು ಆ ಕುಟುಂಬದ ನಡುವೆ ವಾಸ ಮಾಡುವ ಹಕ್ಕು ಪಡೆಯುವುದಿಲ್ಲ. ವಿಭಜನೆಯ ದಾವೆ ಹಾಕಬೇಕು. ಮುಂಬೈಯ ಒಂದು ಪಾರ್ಸಿ ಕುಟುಂಬದ ದೊಡ್ಡ ಬಂಗಲೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ಇದೇ ಮಾತನ್ನು ಎತ್ತಿಹಿಡಿಯಿತು. ಅಂಥ ಪಾಲನ್ನು ಅಗ್ಗಕ್ಕೆ ಕೊಳ್ಳುವ ದಲ್ಲಾಳಿಗಳು ಇರುತ್ತಾರೆ. ಅವರಿಗೆ ಮನೆ ಬೇಕಾಗಿಲ್ಲ, ನಿಮ್ಮ ಒಡಕು ಬೇಕು.

ಕಾಗದ ಪತ್ರಗಳು

ಮಾರುವುದೇ ಎಂದು ನಿಶ್ಚಯವಾದರೆ ಕೆಲವು ಸಂಗತಿ ಗಮನಿಸಿರಿ. ನಮ್ಮ ಸೀಮೆ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಹಳೆಯ ಜಾಗದ ಮೂಲ ಕಾಗದಗಳು ಉರ್ದುವಿನಲ್ಲಿ ಇರುವುದುಂಟು. ಓದಲು ಬರುವುದಿಲ್ಲವೆಂದು ಅವನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆಯಬೇಡಿರಿ. ಬಲ್ಲವರಿಂದ ಕನ್ನಡಕ್ಕೆ ಮಾಡಿಸಿ ಇಟ್ಟುಕೊಳ್ಳಿರಿ. ವಾರಸುದಾರರೆಲ್ಲರ ಹೆಸರಿರುವ ವಂಶಾವಳಿ ಮಾಡಿಸಿರಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟರೆ ಅದು ಸುಳ್ಳು ದಾಖಲೆ. ನಗರ ಪ್ರದೇಶದ ಆಸ್ತಿಗಳ ನೋಂದಣಿಗೆ 2024ರಿಂದ ಇ-ಖಾತೆ ಬೇಕಾಗಿದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆಗಳು ಬೇಕು. ಊರ ಹೊರಗಿನ ಬಡಾವಣೆಗಳಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ. ಎಷ್ಟೋ ಜಾಗ ಹೊಲವಾಗಿದ್ದಾಗಲೇ ತುಂಡು ಮಾಡಿ ಮಾರಿದ್ದು. ಭೂ ಪರಿವರ್ತನೆ ಆಗಿದೆಯೇ ಎಂಬುದನ್ನು ಗಿರಾಕಿ ಬರುವ ಮೊದಲೇ ನೋಡಿಕೊಳ್ಳಿರಿ.

ಬರೀ ಮುಖತ್ಯಾರ ಪತ್ರದ ಮೇಲೆ ಮನೆ ಕೊಡುವುದು, ಕೊಳ್ಳುವುದು ಬೇಡ. ಅದರಿಂದ ಮಾಲಕಿ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸ್ಪಷ್ಟ ಮಾಡಿದೆ. ನೋಂದಾಯಿತ ಖರೀದಿ ಪತ್ರವೇ ಬೇಕು, ಅದರಲ್ಲಿ ಹಿಸ್ಸೆದಾರರೆಲ್ಲರ ಸಹಿ ಬೇಕು. ಇಸಾರದ ಹಣವನ್ನು ನಗದಾಗಿ ಪಡೆಯುವ ಹಳೆಯ ಚಾಳಿ ಬಿಡಿರಿ; 2015ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಮೇಲ್ಪಟ್ಟ ಮುಂಗಡ ನಗದಾಗಿ ಪಡೆಯಲು ಬರುವುದಿಲ್ಲ.

ಒಂದು ಮಾತನ್ನು ವಿಶೇಷವಾಗಿ ಹೇಳುತ್ತೇನೆ. ಕೊಳ್ಳುವವರು ಪ್ರತಿ ಹಿಸ್ಸೆದಾರರ ಬ್ಯಾಂಕ್ ಖಾತೆಗೆ ಅವರವರ ಪಾಲನ್ನು ನೇರವಾಗಿ ಹಾಕುವಂತೆ ಬರೆಸಿರಿ. ಹಣ ಒಬ್ಬರ ಖಾತೆಗೆ ಬಂದು "ಆಮೇಲೆ ಹಂಚೋಣ" ಎಂದರೆ ಆ 'ಆಮೇಲೆ' ಬಹಳ ಸಲ ಬರುವುದೇ ಇಲ್ಲ. ತಾಯಿಯ ಹೆಸರಿನಲ್ಲಿ ಖಾತೆ ಇಲ್ಲದಿದ್ದರೆ ಮೊದಲು ಅದನ್ನು ತೆರೆಯಿರಿ. ಮನೆ ಮಾರಿದ ಮೇಲೆ ತಾಯಿ ಎಲ್ಲಿ ಇರುತ್ತಾರೆ ಎಂಬುದನ್ನೂ ಬೆಲೆ ಮಾತಾಡುವ ಮೊದಲೇ ನಿಶ್ಚಯಿಸಿರಿ. ಎಂಟನೇ ಒಂದು ಪಾಲಿನ ಹಣ ಕೊಟ್ಟು, ಮೂರು ತಿಂಗಳು ಇವನ ಮನೆ, ಮೂರು ತಿಂಗಳು ಅವಳ ಮನೆ ಎಂದು ಚೀಲ ಹಿಡಿದು ತಿರುಗುವಂತೆ ಮಾಡಿದರೆ, ಲೆಕ್ಕ ಸರಿ ಇದ್ದರೂ ನಡತೆ ಸರಿಯಲ್ಲ.

ಮನೆಯಲ್ಲಿ ಉಳಿಸಬೇಕಾದದ್ದು

ಮೈಸೂರಿನ ಯಾದವಗಿರಿ ಬಡಾವಣೆಯಲ್ಲಿ ಲೇಖಕ ಆರ್.ಕೆ. ನಾರಾಯಣ್ ಅವರು ಕಟ್ಟಿಸಿದ ಮನೆಯೊಂದಿದೆ. ಅವರು ಕೊನೆಯ ವರ್ಷಗಳನ್ನು ಚೆನ್ನೈಯಲ್ಲಿ ಕಳೆದು 2001ರಲ್ಲಿ ತೀರಿಕೊಂಡರು. ಆಮೇಲೆ ಮನೆ ಮಾರಾಟವಾಗಿ 2011ರಲ್ಲಿ ಕೆಡವುವ ಕೆಲಸವೇ ಶುರುವಾಗಿತ್ತು. ಜನ ಎಚ್ಚರಿಸಿದ್ದರಿಂದ ಕೆಲಸ ನಿಂತಿತು; ಸ್ಥಳೀಯ ಆಡಳಿತ ಅದನ್ನು ಕೊಂಡು ದುರಸ್ತಿ ಮಾಡಿಸಿತು; 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ದೊಡ್ಡ ಲೇಖಕರ ಮನೆಯಾದ್ದರಿಂದ ಉಳಿಯಿತು. ನಮ್ಮ ನಿಮ್ಮ ಹಿರಿಯರ ಮನೆಗಳಿಗೆ ಅಂಥ ಭಾಗ್ಯ ಬರುವುದಿಲ್ಲ. ಕೊಂಡವರು ಕೆಡವಿ ಮಳಿಗೆ ಕಟ್ಟುತ್ತಾರೆ, ಅದು ಅವರ ಹಕ್ಕು.

ಆದರೆ ಮನೆಯೊಳಗಿನ ಕೆಲವನ್ನು ನಾವು ಉಳಿಸಬಹುದು. ದಾದಾ ಓದುತ್ತಿದ್ದ ಪುಸ್ತಕಗಳು, ಉರ್ದು ಮತ್ತು ಕನ್ನಡದ ಹಳೆಯ ಪತ್ರಿಕೆಗಳು, ಪತ್ರಗಳು, ಶಾಲೆಯ ಪ್ರಮಾಣಪತ್ರಗಳು, ಫೋಟೋಗಳು. ಮನೆ ಖಾಲಿ ಮಾಡುವ ದಿನ ಇವೆಲ್ಲ ತೂಕಕ್ಕೆ ರದ್ದಿಯವರಿಗೆ ಹೋಗುತ್ತವೆ. ಬೀಗದ ಕೈ ಕೊಡುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಆರಿಸಿರಿ. ಮನೆಯಲ್ಲಿ ಇಡಲು ಜಾಗವಿಲ್ಲದ ಪುಸ್ತಕಗಳನ್ನು ನಿಮ್ಮ ಊರಿನ ಶಾಲೆಗೆ, ಗ್ರಂಥಾಲಯಕ್ಕೆ, ನಮ್ಮ ಸಂಘಕ್ಕೆ ಕೊಡಿರಿ.

ವಿದ್ಯಾರ್ಥಿಗಳಿಗೆ

ವಿದ್ಯಾರ್ಥಿ ಮಿತ್ರರೇ, ಹಿರಿಯರ ಜಗಳದಲ್ಲಿ ನಮಗೇನು ಕೆಲಸ ಎಂದು ನೀವು ಕೇಳಬಹುದು. ನಿಮಗೆ ಮೂರು ಕೆಲಸ ಹೇಳುತ್ತೇನೆ. ಒಂದು, ಈ ರಜೆಯಲ್ಲಿ ನಿಮ್ಮ ಕುಟುಂಬದ ವಂಶಾವಳಿ ಬರೆಯಿರಿ. ದಾದಾ, ದಾದಿಯಿಂದ ಹಿಡಿದು ಚಾಚಾ, ಫುಫು, ಅವರ ಮಕ್ಕಳವರೆಗೆ. ಯಾರು ಯಾವ ವರ್ಷ ತೀರಿಕೊಂಡರು ಎಂಬುದನ್ನೂ ಸೇರಿಸಿರಿ. ವಾರಸಿಕೆಯ ಲೆಕ್ಕದಲ್ಲಿ ಯಾರು ಮೊದಲು ತೀರಿಕೊಂಡರು ಎಂಬುದರ ಮೇಲೆಯೇ ಪಾಲು ನಿಲ್ಲುತ್ತದೆ. ಎರಡು, ಫರಾಯಿಜ್‌ನ ಲೆಕ್ಕ ಕಲಿಯಿರಿ. ಅದು ಭಿನ್ನರಾಶಿಯ ಗಣಿತ; ಗಣಿತದ ಅಂಕವೂ ಬರುತ್ತದೆ, ಮನೆಯ ಲೆಕ್ಕವೂ ತಿಳಿಯುತ್ತದೆ. ಮೂರು, ಮನೆಯಲ್ಲಿರುವ ಕಾಗದಗಳನ್ನು ಓದಿ ಒಂದು ಪಟ್ಟಿ ಮಾಡಿ ಅಮ್ಮಿಗೆ ಓದಿ ಹೇಳಿರಿ. ಸಹಿ ಹಾಕುವವರಿಗೆ ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ತಿಳಿಸುವುದಕ್ಕಿಂತ ದೊಡ್ಡ ವಿದ್ಯೆ ಯಾವುದಿದೆ?

ಹೆಣ್ಣುಮಕ್ಕಳಿಗೆ ಒಂದು ಮಾತು. ನಿಮ್ಮ ಪಾಲು ಕೇಳುವುದು ತವರಿನ ಮೇಲಿನ ದ್ವೇಷವಲ್ಲ. ಗಂಡುಮಕ್ಕಳಿಗೆ ಒಂದು ಮಾತು. ನಾಳೆ ನಿಮಗೂ ಹೆಣ್ಣುಮಕ್ಕಳು ಹುಟ್ಟುತ್ತಾರೆ. ಇಂದು ಫುಫುಗೆ ನೀವು ಮಾಡಿದ್ದನ್ನು ಅವರು ನೋಡಿ ಕಲಿಯುತ್ತಾರೆ.

ಸಂಘದ ಸದಸ್ಯರಲ್ಲಿ ನನ್ನದೊಂದು ಕೋರಿಕೆ ಇದೆ. ವರ್ಷಕ್ಕೆ ಒಂದು ಭಾನುವಾರ ಸಂಘದ ಕಟ್ಟಡದಲ್ಲಿ ಒಬ್ಬ ಆಲಿಮರು, ಒಬ್ಬ ವಕೀಲರು, ಒಬ್ಬ ಗಣಿತದ ಶಿಕ್ಷಕರು ಒಟ್ಟಿಗೆ ಕೂಡಲಿ. ಪಾಲಿನ ಲೆಕ್ಕ ಬೇಕಾದವರು ಬಂದು ಉಚಿತವಾಗಿ ಕೇಳಿಕೊಂಡು ಹೋಗಲಿ. ನ್ಯಾಯಾಲಯದಲ್ಲಿ ಹತ್ತು ವರ್ಷ ನಡೆಯುವ ಎಷ್ಟೋ ವ್ಯಾಜ್ಯಗಳು ಅಲ್ಲಿ ಒಂದು ಗಂಟೆಯಲ್ಲಿ ತೀರಬಹುದು. ಉಳಿದ ಹಣದಲ್ಲಿ ಒಂದೊಂದು ಮಗುವಾದರೂ ಓದೀತು.

ಗೋಡೆಗಳು ಇಂದಲ್ಲ ನಾಳೆ ಬೇರೆಯವರ ಪಾಲಾಗುತ್ತವೆ. ಮಾರಿದ ಮರುವರ್ಷದ ಈದ್‌ಗೆ ಆ ಐವರು ಮಕ್ಕಳು ಒಬ್ಬರ ಮನೆಗೆ ಒಬ್ಬರು ಹೋಗುವಂತಿದ್ದರೆ ಆ ಮಾರಾಟ ಸರಿಯಾಗಿ ನಡೆದಿದೆ ಎಂದು ತಿಳಿಯಿರಿ. ಅಲ್ಲಾಹನು ನಮಗೆಲ್ಲ ಹಕ್ಕುದಾರರ ಹಕ್ಕನ್ನು ತಲುಪಿಸುವ ಮನಸ್ಸು ಕೊಡಲಿ, ಆಮೀನ್.